ಪೈಪಿಗೆ ಯಾವ ಅಂಟು?

(ಮಹಿಳಾ ವಿಭಾಗದ ನವರಾತ್ರಿ ಪೂರ್ವ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾರ್ಯಕ್ರಮದ ಆಹ್ವಾನ ವಾಟ್ಸಾಪಿನಲ್ಲಿ ಬಂದಾಗ ಕೆಲವರು ನನಗೆ ಫೋನ್ ಮಾಡಿ ನಕ್ಕರು. "ಏನ್ರೀ ಟೀಚರ್, ಅಂಟಿನ ಮೇಲೆ ಭಾಷಣವೇ? ಅದರಲ್ಲಿ ಹೇಳುವುದಕ್ಕೆ ಏನಿದೆ, ಹಚ್ಚುವುದು, ಒತ್ತುವುದು, ಮುಗಿಯಿತು!" ಎಂದರು. ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ಹಚ್ಚಿ ಒತ್ತಿದ್ದೆಲ್ಲ ಅಂಟಿಕೊಳ್ಳುವುದಿಲ್ಲ ಎನ್ನುವುದೇ ನನ್ನ ವಿಷಯ. ಅಂಟಿಕೊಂಡಂತೆ ಕಂಡು ಆಮೇಲೆ ಬಿಟ್ಟುಕೊಳ್ಳುವುದು ಇನ್ನೂ ಅಪಾಯ.

ಈ ವರ್ಷ ನಮ್ಮಲ್ಲಿ ಹಲವರು ಬೊಂಬೆ ಕೂರಿಸಲು ಪಿವಿಸಿ ಪೈಪಿನ ಮೆಟ್ಟಿಲು ಮಾಡಬೇಕೆಂದಿದ್ದೇವೆ. ಊರಿನ ಮನೆಯಾಗಿದ್ದರೆ ಟ್ರಂಕು, ಮೇಜು, ಅಕ್ಕಿ ಡಬ್ಬ ಒಂದರ ಮೇಲೊಂದು ಇಟ್ಟು ಬಿಳಿ ಪಂಚೆ ಹೊದಿಸಿದರೆ ಆಗುತ್ತಿತ್ತು. ಮುಂಬಯಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಟ್ರಂಕೂ ಇಲ್ಲ, ಅದನ್ನಿಡುವ ಜಾಗವೂ ಇಲ್ಲ. ಪೈಪು ಹಗುರ, ಅಗ್ಗ, ತುಕ್ಕು ಹಿಡಿಯುವುದಿಲ್ಲ, ಕತ್ತರಿಸಲು ಬಡಗಿ ಬೇಕಿಲ್ಲ. ಬೊಂಬೆ ಮೆಟ್ಟಿಲು ಮಾತ್ರವಲ್ಲ, ರಾಜ್ಯೋತ್ಸವದ ವೇದಿಕೆಗೆ ಹಿಂಬದಿ ಪರದೆಯ ಚೌಕಟ್ಟು, ಮಕ್ಕಳ ಬೊಂಬೆಯಾಟದ ರಂಗ, ಬಾಲ್ಕನಿಯಲ್ಲಿ ಮೆಂತ್ಯ ಸೊಪ್ಪು ಬೆಳೆಸುವ ಕೊಳವೆ, ಚಪ್ಪಲಿ ಸ್ಟ್ಯಾಂಡು, ಎಲ್ಲಕ್ಕೂ ಇದೇ ಸಾಮಗ್ರಿ. ಆದರೆ ಆ ಮೆಟ್ಟಿಲ ಮೇಲೆ ಅಜ್ಜಿಯ ಕಾಲದ ರಕ್ತಚಂದನದ ಪಟ್ಟದ ಬೊಂಬೆ ಕೂರುತ್ತದೆ, ಮುಂದೆ ದೀಪ ಉರಿಯುತ್ತದೆ, ಸುತ್ತ ಮಕ್ಕಳು ಓಡಾಡುತ್ತಾರೆ. ಅದಕ್ಕೇ ಈ ಅರ್ಧ ಗಂಟೆ.

ಮೊದಲು ಒಂದು ತಿಳಿವಳಿಕೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪ್ ಜೋಡಿಸಲು ಕೊಡುವ ಡಬ್ಬಿಗೆ ಇಲ್ಲಿ ಎಲ್ಲರೂ 'ಸೊಲ್ಯೂಷನ್' ಎನ್ನುತ್ತಾರೆ. ಡಬ್ಬಿಯ ಮೇಲೆ ಸಾಲ್ವೆಂಟ್ ಸಿಮೆಂಟ್ ಎಂದು ಬರೆದಿರುತ್ತದೆ. ಅದು ಸಿಮೆಂಟೂ ಅಲ್ಲ, ನಿಜ ಹೇಳಬೇಕೆಂದರೆ ಅಂಟೂ ಅಲ್ಲ. ಕರ್ಜಿಕಾಯಿ ಮಾಡುವಾಗ ನಾವೇನು ಮಾಡುತ್ತೇವೆ? ಹೂರಣ ಇಟ್ಟು, ಕಣಕದ ಅಂಚಿಗೆ ಬೆರಳಿನಿಂದ ಚೂರು ನೀರೋ ಹಾಲೋ ಸವರಿ, ಮಡಿಸಿ ಒತ್ತುತ್ತೇವೆ. ನೀರು ಅಲ್ಲಿ ಅಂಟಲ್ಲ. ಅದು ಎರಡೂ ಅಂಚಿನ ಹಿಟ್ಟನ್ನು ಮೆತ್ತಗೆ ಮಾಡುತ್ತದೆ, ಮೆತ್ತಗಾದ ಹಿಟ್ಟು ಹಿಟ್ಟಿನೊಂದಿಗೆ ಬೆರೆಯುತ್ತದೆ, ಎಣ್ಣೆಯಲ್ಲಿ ನೀರು ಆರಿಹೋಗಿ ಎರಡು ಅಂಚು ಒಂದೇ ಆಗಿರುತ್ತದೆ. ಸಾಲ್ವೆಂಟ್ ಸಿಮೆಂಟ್ ಮಾಡುವುದೂ ಇದನ್ನೇ. ಅದರಲ್ಲಿರುವುದು ಟೆಟ್ರಾಹೈಡ್ರೋಫ್ಯೂರಾನ್, ಸೈಕ್ಲೋಹೆಕ್ಸನೋನ್, ಮೀಥೈಲ್ ಈಥೈಲ್ ಕೀಟೋನ್ ಮುಂತಾದ ದ್ರಾವಕಗಳು, ಅವುಗಳಲ್ಲಿ ಕರಗಿಸಿದ ಪಿವಿಸಿ. ಪೈಪಿನ ಹೊರಮೈ, ಫಿಟ್ಟಿಂಗಿನ ಒಳಮೈ ಎರಡನ್ನೂ ಅದು ಮೆತ್ತಗೆ ಮಾಡುತ್ತದೆ. ಒಳಗೆ ತಳ್ಳಿದಾಗ ಎರಡೂ ಬೆರೆಯುತ್ತವೆ. ದ್ರಾವಕ ಆವಿಯಾಗಿ ಹೋದ ಮೇಲೆ ನಡುವೆ ಅಂಟಿನ ಪದರ ಎಂದು ಬೇರೆ ಉಳಿಯುವುದಿಲ್ಲ, ಪ್ಲಾಸ್ಟಿಕ್ಕೇ ಒಂದಾಗಿರುತ್ತದೆ.

ಇದು ಗೊತ್ತಾದರೆ ಉಳಿದ ಎಷ್ಟೋ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು. ಈ ಸೊಲ್ಯೂಷನ್ ಮರದ ಹಲಗೆಗೆ ಹಿಡಿಯುತ್ತದೆಯೇ? ಇಲ್ಲ, ಮರವನ್ನು ಅದು ಕರಗಿಸುವುದಿಲ್ಲ. ಸ್ಟೀಲಿಗೆ? ಇಲ್ಲ. ಪೇಂಟ್ ಬಳಿದ ಪೈಪಿಗೆ? ಅದು ಪೇಂಟನ್ನು ಕರಗಿಸುತ್ತ ಕೂರುತ್ತದೆ, ಪೈಪಿನವರೆಗೆ ಸರಿಯಾಗಿ ತಲುಪುವುದಿಲ್ಲ. ಆದ್ದರಿಂದ ಜೋಡಣೆ ಮೊದಲು, ಬಣ್ಣ ಆಮೇಲೆ. ಒಮ್ಮೆ ಅಂಟಿಸಿದ ಮೇಲೆ ಬಿಡಿಸಬಹುದೇ? ಕರ್ಜಿಕಾಯಿಯ ಅಂಚು ಬಿಡಿಸಿದ ಹಾಗೆಯೇ!

ಹಾಗಾದರೆ ಎಲ್ಲ ಪೈಪನ್ನೂ ಇದು ಕರಗಿಸುತ್ತದೆಯೇ? ಇಲ್ಲಿಯೇ ಜಾಸ್ತಿ ಗೊಂದಲ. ಅಂಗಡಿಯಲ್ಲಿ ಪೈಪಿನ ಮೈಮೇಲೆ ಅಚ್ಚಾದ ಅಕ್ಷರಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ, ಸೀರೆಯ ಅಂಚು ನೋಡುವಷ್ಟೇ ಶ್ರದ್ಧೆಯಿಂದ. ತಣ್ಣೀರಿಗೆ ಬಳಸುವ ಬಿಳಿ ಅಥವಾ ಬೂದು ಬಣ್ಣದ್ದು ಯುಪಿವಿಸಿ. ಬಿಸಿನೀರಿಗೆ ಬಳಸುವ, ಕೆನೆ ಬಣ್ಣದ್ದು ಸಿಪಿವಿಸಿ. ಅದರಲ್ಲಿ ಕ್ಲೋರಿನ್ ಹೆಚ್ಚು, ಅದಕ್ಕೆ ಸಿಪಿವಿಸಿಯದೇ ಸಿಮೆಂಟ್ ಬೇರೆ ಇದೆ. ಯುಪಿವಿಸಿ ಸುಮಾರು 60 ಡಿಗ್ರಿಗೆ ಮೆತ್ತಗಾಗಲು ಶುರುವಾದರೆ ಸಿಪಿವಿಸಿ 90 ಡಿಗ್ರಿಯ ಆಸುಪಾಸಿನವರೆಗೂ ತಡೆಯುತ್ತದೆ. ಯುಪಿವಿಸಿಯ ಸಿಮೆಂಟನ್ನು ಸಿಪಿವಿಸಿಗೆ ಹಚ್ಚಿ ಗೀಸರಿನ ಲೈನಿಗೆ ಜೋಡಿಸುವ ಕೆಲಸಕ್ಕೆ ಮಾತ್ರ ಯಾರೂ ಕೈಹಾಕಬೇಡಿ. ನೀರಿನ ಒತ್ತಡ ಇರುವ ಲೈನು ಹವ್ಯಾಸದ ವಿಷಯವಲ್ಲ, ಅದಕ್ಕೆ ಪ್ಲಂಬರನ್ನೇ ಕರೆಯಿರಿ.

ಇನ್ನು ಕಪ್ಪಗೆ ನೀಲಿ ಪಟ್ಟೆಯ ಎಚ್‌ಡಿಪಿಇ ಪೈಪು, ಸಾಮಾನ್ಯವಾಗಿ ಹಸಿರು ಬಣ್ಣದಲ್ಲಿ ಬರುವ ಪಿಪಿಆರ್ ಪೈಪು. ಇವೆರಡಕ್ಕೂ ಸಾಲ್ವೆಂಟ್ ಸಿಮೆಂಟ್ ಹತ್ತುವುದೇ ಇಲ್ಲ. ಯಾವ ಅಂಟೂ ಸರಿಯಾಗಿ ಹತ್ತುವುದಿಲ್ಲ. ಅವುಗಳ ಮೈ ಮೇಣದಂತೆ, ಹಚ್ಚಿದ್ದೆಲ್ಲ ಜಾರಿ ನಿಲ್ಲುತ್ತದೆ. ಅವುಗಳನ್ನು ಕಾದ ಉಪಕರಣದಿಂದ ಕರಗಿಸಿ ಬೆಸೆಯುತ್ತಾರೆ, ಪಿಪಿಆರ್‌ಗೆ ಸುಮಾರು 260 ಡಿಗ್ರಿ ಬೇಕು. ಪಕ್ಕದ ಕಟ್ಟಡದ ರಿಪೇರಿಯಲ್ಲಿ ಉಳಿದ ಪೈಪಿನ ತುಂಡು ಪುಕ್ಕಟೆ ಸಿಕ್ಕಿತು ಎಂದು ಸಂತೋಷಪಡುವ ಮೊದಲು ಅದು ಯಾವುದೆಂದು ನೋಡಿ. ಎಚ್‌ಡಿಪಿಇ ಆಗಿದ್ದರೆ ನಮ್ಮ ಕೆಲಸಕ್ಕೆ ಬಾರದು.

ಅಳತೆಯಲ್ಲೂ ಒಂದು ಮೋಸವಿದೆ. ಅಂಗಡಿಯವನು ಮುಕ್ಕಾಲು ಇಂಚು, 25 ಮಿಲಿಮೀಟರ್ ಎರಡೂ ಒಂದೇ ಎನ್ನುತ್ತಾನೆ. ಒಂದೇ ಅಲ್ಲ. ಹೊಲದಲ್ಲಿ ಬಳಸುವ ಬೂದು ಪೈಪಿನ 25 ಎಂದರೆ ಹೊರ ಅಳತೆ 25 ಮಿಲಿಮೀಟರ್. ಮನೆಯ ಪ್ಲಂಬಿಂಗಿನ ಬಿಳಿ ಯುಪಿವಿಸಿಯಲ್ಲಿ ಮುಕ್ಕಾಲು ಇಂಚಿನ ಪೈಪಿನ ಹೊರ ಅಳತೆ 26.7 ಮಿಲಿಮೀಟರ್. ಅರ್ಧ ಇಂಚಿನಲ್ಲಂತೂ ಬಿಳಿ ಯುಪಿವಿಸಿ 21.3, ಸಿಪಿವಿಸಿ 15.9. ಒಂದರ ಪೈಪಿಗೆ ಇನ್ನೊಂದರ ಎಲ್ಬೋ ಹಾಕಿದರೆ ಸಡಿಲ, ಅಥವಾ ಒಳಗೇ ಹೋಗುವುದಿಲ್ಲ. ಸಡಿಲವಿದ್ದರೆ ಸೊಲ್ಯೂಷನ್ ಸುರಿದು ತುಂಬಿಸೋಣ ಎನ್ನುವವರನ್ನು ನಾನು ಬಹಳ ನೋಡಿದ್ದೇನೆ. ಅದು ಗಾರೆಯಲ್ಲ, ಸಂದು ತುಂಬುವುದಿಲ್ಲ. ಒಂದೇ ಕಂಪನಿಯ, ಒಂದೇ ಮಾದರಿಯ ಪೈಪು, ಫಿಟ್ಟಿಂಗು ಒಂದೇ ಅಂಗಡಿಯಲ್ಲಿ ಕೊಳ್ಳುವುದು ಒಳ್ಳೆಯದು. ಕೊಂಡಲ್ಲಿಯೇ ಒಣದಾಗಿ ಸೇರಿಸಿ ನೋಡಿ. ಅಂಟು ಹಚ್ಚದೆ ತಳ್ಳಿದರೆ ಫಿಟ್ಟಿಂಗಿನ ಒಳಗೆ ಮೂರನೆಯ ಒಂದರಿಂದ ಮೂರನೆಯ ಎರಡು ಭಾಗದವರೆಗೆ ಹೋಗಿ ಬಿಗಿಯಾಗಿ ನಿಲ್ಲಬೇಕು. ಪೂರ್ತಿ ತಳಕ್ಕೆ ಸಲೀಸಾಗಿ ಬಿದ್ದರೆ ಜೋಡಿ ಸರಿಯಿಲ್ಲ.

ಅಂಗಡಿಯ ಮಾತು ಬಂತು. "ಮೇಡಂ, ಘರ್ ಸೆ ಕಿಸೀ ಆದ್ಮೀ ಕೋ ಭೇಜೋ" ಎಂದು ಹೇಳಿಸಿಕೊಂಡವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈಗಳು ಬಹಳ ಎದ್ದವು! ಹೋಗುವಾಗ ಪೈಪಿನ ಒಂದು ಗೇಣು ತುಂಡು ಚೀಲದಲ್ಲಿ ಇಟ್ಟುಕೊಂಡು ಹೋಗಿ. "ಇಸ್ ಪೈಪ್ ಕಾ ಟೀ, ಇಸೀ ಕಂಪನಿ ಕಾ, ಔರ್ ಯುಪಿವಿಸಿ ಕಾ ಸೊಲ್ಯೂಷನ್, ಛೋಟಾ ಡಬ್ಬಾ" ಎಂದು ಹೇಳಿ. ಗೊತ್ತಿರುವವರು ಬಂದಿದ್ದಾರೆ ಎಂದು ಅರ್ಥವಾದ ಮೇಲೆ ಅದೇ ಅಂಗಡಿಯವನು ಸ್ಟೂಲು ಕೊಟ್ಟು ಕೂರಿಸುತ್ತಾನೆ. ದೊಡ್ಡ ಡಬ್ಬಿ ಬೇಡ. ತೆರೆದ ಡಬ್ಬಿ ವರ್ಷವಿಡೀ ಇರುವುದಿಲ್ಲ, ಗಟ್ಟಿಯಾಗಿ ಲೋಳೆಗಟ್ಟುತ್ತದೆ. ಹಾಗಾದದ್ದಕ್ಕೆ ಥಿನ್ನರ್ ಸೇರಿಸಿ ತೆಳ್ಳಗೆ ಮಾಡುವ ಉಳಿತಾಯ ಬೇಡ.

ಈಗ ನಾನು ಮುಖ್ಯವೆಂದುಕೊಂಡ ಮಾತಿಗೆ ಬರುತ್ತೇನೆ. ಯಾವ ಅಂಟು ಎಂದು ಕೇಳುವುದಕ್ಕೆ ಮುಂಚೆ, ಈ ಜೋಡಣೆಗೆ ಅಂಟು ಬೇಕೇ ಎಂದು ಕೇಳಿ. ನಮಗೆ ಪರಿಚಯದ ಒಂದು ಮನೆಯಲ್ಲಿ ಐದು ಅಡಿ ಅಗಲದ ಏಳು ಮೆಟ್ಟಿಲಿನ ಸ್ಟ್ಯಾಂಡು ಬಹಳ ಅಚ್ಚುಕಟ್ಟಾಗಿ ಮಾಡಿದರು. ಹಾಲಿನಲ್ಲೇ ಕೂತು, ಪ್ರತಿಯೊಂದು ಸಂದಿಗೂ ಸೊಲ್ಯೂಷನ್ ಹಚ್ಚಿ ಭದ್ರ ಮಾಡಿದರು. ಹಬ್ಬ ಚೆನ್ನಾಗಿಯೇ ಆಯಿತು. ಆಮೇಲೆ ಅದನ್ನು ಎಲ್ಲಿಡುವುದು? ಮಾಳಿಗೆಗೆ ಹತ್ತಲಿಲ್ಲ, ಮಂಚದ ಕೆಳಗೆ ಹೋಗಲಿಲ್ಲ, ತವರಿಗಾದರೂ ಕಳಿಸೋಣವೆಂದರೆ ಲಿಫ್ಟಿನೊಳಗೆ ತೂರಲಿಲ್ಲ. ಕೊನೆಗೆ ಹ್ಯಾಕ್ಸಾದಿಂದ ಕೊಯ್ದು ಭಂಗಾರಿನವನಿಗೆ ಕೊಟ್ಟರು. ಅಂಟು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು, ನೋಡಿ.

ವರ್ಷಕ್ಕೆ ಹತ್ತು ದಿನ ಬೇಕಾದ ವಸ್ತು ಉಳಿದ ದಿನ ಮಡಚಿ ಇರಬೇಕು. ಅದಕ್ಕೆ ನಾನು ಹೇಳುವ ಕ್ರಮ ಹೀಗಿದೆ. ಎರಡು ಪಕ್ಕದ ಚೌಕಟ್ಟುಗಳನ್ನು, ಅಂದರೆ ಏಣಿಯಂತೆ ಕಾಣುವ ಎಡ ಬಲದ ಭಾಗಗಳನ್ನು ಮಾತ್ರ ಅಂಟಿಸಿ. ಅವು ಚಪ್ಪಟೆ, ಕಪಾಟಿನ ಹಿಂದೆ ನಿಲ್ಲುತ್ತವೆ. ಎಡದಿಂದ ಬಲಕ್ಕೆ ಹೋಗುವ ಅಡ್ಡ ಪೈಪುಗಳನ್ನು ಅಂಟಿಸಬೇಡಿ. ಅವುಗಳನ್ನು ಫಿಟ್ಟಿಂಗಿನೊಳಗೆ ತಳ್ಳಿ, ಫಿಟ್ಟಿಂಗು ಮತ್ತು ಪೈಪು ಎರಡನ್ನೂ ಹಾಯುವಂತೆ ಒಂದು ಸಣ್ಣ ತೂತು ಕೊರೆದು ಸ್ಕ್ರೂ ಅಥವಾ ಬೋಲ್ಟು ಹಾಕಿ. ಬರಿಯ ಬಿಗಿತವನ್ನೇ ನಂಬಿ ಸ್ಕ್ರೂ ಹಾಕದೆ ಬಿಡುವುದು ಬೇಡ, ಯಾರಾದರೂ ಎಡವಿದರೆ ಪೈಪು ಈಚೆಗೆ ಬರುತ್ತದೆ. ಪ್ರತಿ ತುದಿಗೂ ಬಾಲ್‌ಪೆನ್ನಿನಲ್ಲಿ ಅಲ್ಲ, ಮಾರ್ಕರಿನಲ್ಲಿ 'ಎ1', 'ಎ2' ಎಂದು ಗುರುತು ಹಾಕಿ. ಮುಂದಿನ ವರ್ಷ ನಿಮ್ಮ ಸೊಸೆಯೋ ಮೊಮ್ಮಗಳೋ ಜೋಡಿಸುವಾಗ ಅದರ ಬೆಲೆ ಗೊತ್ತಾಗುತ್ತದೆ. ಹಲಗೆಯನ್ನು ಪೈಪಿಗೆ ಹಿಡಿಸಲು ಎಲೆಕ್ಟ್ರಿಷಿಯನ್ ಬಳಸುವ ಸ್ಯಾಡಲ್ ಕ್ಲ್ಯಾಂಪು ಸಾಕು, ಅಲ್ಲಿಯೂ ಅಂಟು ಬೇಡ.

ಅಂಟಿಸುವ ವಿಧಾನ ಹೇಳುತ್ತೇನೆ, ಇವತ್ತು ಮೇಜಿನ ಮೇಲೆ ಇದನ್ನೇ ಮಾಡುವವರಿದ್ದೇವೆ. ಪೈಪನ್ನು ನೇರವಾಗಿ ಕೊಯ್ಯಬೇಕು. ಸುತ್ತ ಒಂದು ಕಾಗದ ಸುತ್ತಿ ಅದರ ಅಂಚಿನ ಮೇಲೆ ಗೆರೆ ಎಳೆದರೆ ನೇರ ಗೆರೆ ಸಿಗುತ್ತದೆ. ಕೊಯ್ದ ತುದಿಯಲ್ಲಿ ಚಿಗುರಿದ ಪುಡಿ, ಮುಳ್ಳುಗಳನ್ನು ಮರಳು ಕಾಗದದಿಂದ ಉಜ್ಜಿ ತೆಗೆಯಿರಿ. ಇಲ್ಲದಿದ್ದರೆ ಪೈಪು ಒಳಗೆ ಹೋಗುವಾಗ ಆ ಮುಳ್ಳೇ ಹಚ್ಚಿದ ಸಿಮೆಂಟನ್ನು ಕೆರೆದು ಹಾಕುತ್ತದೆ. ಧೂಳು, ಎಣ್ಣೆಯ ಕೈಗುರುತು, ನೀರು ಇರದಂತೆ ಒಣ ಬಟ್ಟೆಯಲ್ಲಿ ಒರೆಸಿ. ಎಷ್ಟು ಆಳ ಹೋಗಬೇಕೋ ಅಲ್ಲಿಗೆ ಗುರುತು ಹಾಕಿ. ಮೊದಲು ಇಡೀ ಚೌಕಟ್ಟನ್ನು ಒಣದಾಗಿ ಜೋಡಿಸಿ, ನೆಲದ ಮೇಲೆ ಕುಂಟುತ್ತಿಲ್ಲ ಎಂದು ನೋಡಿಕೊಳ್ಳಿ, ಪ್ರತಿ ಸಂದಿಯ ಮೇಲೂ ಪೈಪಿನಿಂದ ಫಿಟ್ಟಿಂಗಿಗೆ ಒಂದು ಗೆರೆ ಎಳೆಯಿರಿ. ಆಮೇಲೆ ಬಿಡಿಸಿ ಒಂದೊಂದಾಗಿ ಅಂಟಿಸಿ.

ಫಿಟ್ಟಿಂಗಿನ ಒಳಗೆ ತೆಳ್ಳಗೆ, ಪೈಪಿನ ಹೊರಗೆ ಸ್ವಲ್ಪ ಧಾರಾಳವಾಗಿ ಹಚ್ಚಿ. ತಡ ಮಾಡದೆ ಕಾಲು ಸುತ್ತು ತಿರುಗಿಸುತ್ತ ತಳದವರೆಗೆ ತಳ್ಳಿ, ಗೆರೆಗೆ ಗೆರೆ ಕೂಡಿಸಿ. ಈಗ ಕೈಬಿಡಬೇಡಿ. ಫಿಟ್ಟಿಂಗಿನ ಒಳಮೈ ಸಣ್ಣಗೆ ಇಳಿಜಾರಾಗಿರುತ್ತದೆ, ಮೆತ್ತಗಾದ ಪೈಪನ್ನು ಅದು ನಿಧಾನ ಹೊರಕ್ಕೆ ತಳ್ಳುತ್ತದೆ. ಮೂವತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಸುತ್ತಲೂ ಒಂದು ಸಣ್ಣ ಉಂಗುರದಂತೆ ಸಿಮೆಂಟ್ ಉಬ್ಬಿ ಬಂದಿದ್ದರೆ ಸರಿಯಾಗಿ ಹಚ್ಚಿದ್ದೀರಿ ಎಂದರ್ಥ, ಅದನ್ನು ಬಟ್ಟೆಯಿಂದ ಒರೆಸಿ. ಅರ್ಧ ಗಂಟೆ ಅಲುಗಿಸಬೇಡಿ. ಭಾರ ಇಡುವುದು ಒಂದು ದಿನ ಬಿಟ್ಟು. ನಮ್ಮ ಮುಂಬಯಿಯಲ್ಲಿ ನವರಾತ್ರಿಯ ಹೊತ್ತಿಗೆ ಮಳೆ ಹೋದಂತೆ ಮಾಡಿ ಮತ್ತೆ ಬರುತ್ತದೆ, ಗೋಡೆಯೇ ಬೆವರುತ್ತದೆ. ಆಗ ಎರಡು ದಿನ ಬಿಡಿ. ಆದ್ದರಿಂದ ಮಹಾಲಯ ಅಮಾವಾಸ್ಯೆಯ ರಾತ್ರಿ ಕೂತು ಅಂಟಿಸಿ ಬೆಳಗ್ಗೆ ಬೊಂಬೆ ಕೂರಿಸುವ ಯೋಚನೆ ಬಿಟ್ಟುಬಿಡಿ.

ಯೂಟ್ಯೂಬಿನಲ್ಲಿ ಅಮೆರಿಕದವರು ಮೊದಲು ನೇರಳೆ ಬಣ್ಣದ ಪ್ರೈಮರ್ ಹಚ್ಚುತ್ತಾರಲ್ಲ, ನಮಗೂ ಬೇಕೇ ಎಂದು ಒಬ್ಬರು ಕೇಳಿದ್ದರು. ಪ್ರೈಮರ್ ಮೇಲ್ಮೈಯನ್ನು ಮೊದಲೇ ಮೆತ್ತಗೆ ಮಾಡಲು. ನೇರಳೆ ಬಣ್ಣ ಮಾತ್ರ ಅಲ್ಲಿಯ ತಪಾಸಣೆಯವರ ಕಣ್ಣಿಗೆ ಕಾಣಲಿ ಎಂದು. ನಮ್ಮ ಬೊಂಬೆ ಸ್ಟ್ಯಾಂಡಿಗೆ ಅದು ಬೇಡ, ಚೊಕ್ಕಟವಾಗಿ ಒರೆಸಿದ ಪೈಪು ಸಾಕು.

ಭಾರ ತಡೆಯುತ್ತದೆಯೇ ಎಂದು ಪರೀಕ್ಷಿಸಲು ದಯವಿಟ್ಟು ಮಗುವನ್ನು ಕೂರಿಸಿ ನೋಡಬೇಡಿ. ಹತ್ತು ಕಿಲೋ ಅಕ್ಕಿ ಚೀಲ ಮನೆಯಲ್ಲಿ ಇದ್ದೇ ಇರುತ್ತದೆ. ಪ್ರತಿ ಮೆಟ್ಟಿಲ ನಡುವೆ ಒಂದು ರಾತ್ರಿ ಇಡಿ. ಬೆಳಗ್ಗೆ ಪೈಪು ಬಾಗಿದ್ದರೆ ತಪ್ಪು ಅಂಟಿನದ್ದಲ್ಲ, ನಡುವೆ ಇನ್ನೊಂದು ಕಾಲು ಬೇಕು. ಚೆನ್ನಾಗಿ ಅಂಟಿದ ಸಂದಿ ಬಿಡುವುದಕ್ಕೆ ಮೊದಲು ಉದ್ದನೆಯ ಪೈಪೇ ಬಾಗುತ್ತದೆ. ನಾನಂತೂ ಎರಡು ಅಡಿಗಿಂತ ಹೆಚ್ಚು ದೂರ ಆಧಾರವಿಲ್ಲದೆ ಬಿಡುವುದಿಲ್ಲ.

ಇನ್ನು ನಮ್ಮ ಡ್ರಾಯರಿನಲ್ಲಿರುವ ಬೇರೆ ಅಂಟುಗಳು. ಮೊದಲು ಫೆವಿಕಾಲ್. 1959ರಲ್ಲಿ ಇದೇ ಮುಂಬಯಿಯಲ್ಲಿ ಬಲವಂತ ಪಾರೇಖ್ ಶುರು ಮಾಡಿದ ಈ ಬಿಳಿ ಅಂಟು, ಪ್ರಾಣಿಗಳ ಮೂಳೆ ಚರ್ಮದಿಂದ ಮಾಡಿ ಕುದಿಸಿ ಬಳಸುತ್ತಿದ್ದ ಸರೇಸಿನಿಂದ ಬಡಗಿಗಳನ್ನು ಬಿಡಿಸಿತು. ಜಾಹೀರಾತು ನೋಡಿದವರಿಗೆ ಅದು ಏನನ್ನೂ ಹಿಡಿದು ನಿಲ್ಲಿಸುತ್ತದೆ ಎಂಬ ನಂಬಿಕೆ. ಆದರೆ ಅದರಲ್ಲಿರುವ ನೀರು ಎಲ್ಲಾದರೂ ಇಂಗಬೇಕು. ಮರ, ಕಾಗದ, ಬಟ್ಟೆ ಹೀರಿಕೊಳ್ಳುತ್ತವೆ. ಪೈಪು ಹೀರುವುದಿಲ್ಲ. ವಾರ ಬಿಟ್ಟು ಉಗುರಿನಿಂದ ಎತ್ತಿದರೆ ಹಾಲಿನ ಕೆನೆಯಂತೆ ಎದ್ದು ಬರುತ್ತದೆ. ಪೈಪಿನ ರಂಗಕ್ಕೆ ಬಟ್ಟೆ ಕಟ್ಟಲು, ರಟ್ಟಿನ ಕಮಾನು ಮಾಡಲು ಫೆವಿಕಾಲ್ ಇರಲಿ, ಪೈಪಿನ ಸಂದಿಗೆ ಬೇಡ.

ಎರಡನೆಯದು ಐದೋ ಹತ್ತೋ ರೂಪಾಯಿಯ ಪುಟ್ಟ ಟ್ಯೂಬು, ಫೆವಿಕ್ವಿಕ್ ಜಾತಿಯದ್ದು. ಇದರ ರಾಸಾಯನಿಕ ಸಯನೋಆಕ್ರಿಲೇಟ್. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂದು ಬೇಸತ್ತು ಪಕ್ಕಕ್ಕಿಟ್ಟರು. ಅದು ಅಂಟಾಗಿ ಮಾರಾಟಕ್ಕೆ ಬಂದದ್ದು 1958ರಲ್ಲಿ. ಗಾಳಿಯ ತೇವ ತಾಗಿದೊಡನೆ ಗಟ್ಟಿಯಾಗುತ್ತದೆ. ಪೈಪಿಗೆ ಹಿಡಿಯುತ್ತದೆ, ನಿಜ. ಆದರೆ ಗಾಜಿನಂತೆ ಬಿರುಸು, ಬಡಿತ ತಾಗಿದರೆ ಪಟ್ಟನೆ ಬಿಡುತ್ತದೆ. ಮುತ್ತು, ಕನ್ನಡಿ ಚೂರು ಅಂಟಿಸಲು ಸಾಕು, ಭಾರ ಹೊರುವಲ್ಲಿ ಬೇಡ.

ಇದರ ಬಗ್ಗೆ ಒಂದು ಎಚ್ಚರಿಕೆಯನ್ನು ಸ್ವಲ್ಪ ನಿಂತು ಹೇಳುತ್ತೇನೆ. ಹತ್ತಿ ಬಟ್ಟೆಯ ಮೇಲೆ ಈ ಅಂಟು ಸುರಿದರೆ ಕ್ಷಣದಲ್ಲಿ ಗಟ್ಟಿಯಾಗುತ್ತ ವಿಪರೀತ ಬಿಸಿಯಾಗುತ್ತದೆ, ಚರ್ಮ ಸುಡುವಷ್ಟು, ಕೆಲವೊಮ್ಮೆ ಹೊಗೆ ಏಳುವಷ್ಟು. ತೊಡೆಯ ಮೇಲೆ ಹತ್ತಿ ಸೀರೆ, ಹತ್ತಿ ನೈಟಿ, ಕೈಯಲ್ಲಿ ಟ್ಯೂಬು, ಮುಚ್ಚಳ ಬಾರದೆ ಹಲ್ಲಿನಿಂದ ಕಚ್ಚುವುದು, ಇದು ನಮ್ಮೆಲ್ಲರ ಮನೆಯ ದೃಶ್ಯ. ಹತ್ತಿಯಿಂದ ಒರೆಸಬೇಡಿ, ಹತ್ತಿ ಕೈಗವಸು ಹಾಕಬೇಡಿ, ತೊಡೆಯ ಮೇಲಿಟ್ಟು ಅಂಟಿಸಬೇಡಿ, ಮೇಜಿನ ಮೇಲೆ ಮಾಡಿ. ಬೆರಳು ಬೆರಳಿಗೆ ಅಂಟಿಕೊಂಡರೆ ಎಳೆಯಬೇಡಿ. ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲಗೆ ಉರುಳಿಸಿ ಬಿಡಿಸಿ. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಕೂಡ ಕರಗಿಸುತ್ತದೆ, ಆದರೆ ಕಣ್ಣು ಬಾಯಿಯ ಹತ್ತಿರ ಅದನ್ನು ತರಬೇಡಿ. ಕಣ್ಣಿಗೆ ಹಾರಿದ್ದರೆ ನೀರಿನಲ್ಲಿ ತೊಳೆಯುತ್ತ ನೇರ ವೈದ್ಯರ ಹತ್ತಿರ ಹೋಗಿ.

ಅರಾಲ್ಡೈಟ್, ಎಂ-ಸೀಲ್ ಇವೆರಡೂ ಎಪಾಕ್ಸಿ. ಎರಡು ಭಾಗ ಬೆರೆಸಿದರೆ ಮಾತ್ರ ಗಟ್ಟಿಯಾಗುತ್ತವೆ. ಪೈಪಿಗೆ ಲೋಹದ ತುಂಡು, ಪೈಪಿಗೆ ಮರದ ಗುಬುಟು ಜೋಡಿಸಬೇಕಾದಾಗ ಸೊಲ್ಯೂಷನ್ ಕೈಕೊಡುತ್ತದೆ, ಅಲ್ಲಿ ಅರಾಲ್ಡೈಟ್ ಬೇಕು. ಪೈಪಿನ ನುಣುಪಾದ ಮೈಯನ್ನು ಮರಳು ಕಾಗದದಿಂದ ಉಜ್ಜಿ ಒರಟು ಮಾಡಿಕೊಳ್ಳದಿದ್ದರೆ ಅದೂ ಬಿಡುತ್ತದೆ. ಎಂ-ಸೀಲನ್ನು ಚಪಾತಿ ಹಿಟ್ಟಿನಂತೆ ನಾದುತ್ತೇವೆ. ಎರಡು ಬಣ್ಣದ ಎಳೆ ಎಲ್ಲೂ ಕಾಣದಂತೆ ಒಂದೇ ಬಣ್ಣ ಬರುವವರೆಗೆ ನಾದಬೇಕು, ಬರಿಗೈಯಲ್ಲಿ ಬೇಡ, ಪ್ಲಾಸ್ಟಿಕ್ ಚೀಲವಾದರೂ ಕೈಗೆ ಹಾಕಿಕೊಳ್ಳಿ. ಕಮಾನಿನ ಹೂಬಳ್ಳಿ ಮಾಡಲು ಅದು ಬಹಳ ಚೆಂದ.

ಸಿಲಿಕೋನ್ ಸೀಲಂಟು ನೀರು ಸೋರದಂತೆ ತಡೆಯಲು, ರಬ್ಬರಿನಂತೆ ಬಾಗುತ್ತದೆ. ಹಚ್ಚುವಾಗ ವಿನೆಗರ್ ವಾಸನೆ ಬರುವುದುಂಟು. ಭಾರ ಹೊರುವ ಕೆಲಸಕ್ಕಲ್ಲ, ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ. ಗ್ಲೂ ಗನ್ ಹೂ, ಲೇಸಿಗೆ ಸರಿ. ಬಿಸಿಲಿನ ಬಾಲ್ಕನಿಯಲ್ಲಿ ಮೆತ್ತಗಾಗಿ ಜಾರುತ್ತದೆ.

ಇಷ್ಟರಲ್ಲಿ ಯಾವುದು ಎಲ್ಲಕ್ಕಿಂತ ಗಟ್ಟಿ ಎಂದು ಕೇಳಬೇಡಿ. ಯಾವುದಕ್ಕೆ ಯಾವುದು ಎಂದೇ ಕೇಳಬೇಕು.

ಬಾಲ್ಕನಿಯ ಸೊಪ್ಪಿನ ಕೊಳವೆಗೆ ಬರೋಣ. ದಪ್ಪ ಪೈಪಿನಲ್ಲಿ ತೂತು ಕೊರೆದು, ಒಳಗೆ ನೀರು ಹರಿಸಿ ಮೆಂತ್ಯ, ಪಾಲಕ್ ಬೆಳೆಯುತ್ತಾರೆ. ಇಲ್ಲಿ ನೀರೂ ಇದೆ, ನಾವು ತಿನ್ನುವ ಸೊಪ್ಪೂ ಇದೆ. ಕುಡಿಯುವ ನೀರಿಗೆಂದು ಐಎಸ್ 4985 ಗುರುತಿನ ಪೈಪು ಕೊಳ್ಳಿ. ಚರಂಡಿಗೆ ಬಳಸುವ ಪೈಪು, ವೈರು ಹಾಯಿಸುವ ಕಂಡ್ಯೂಟ್ ಪೈಪು ಅಗ್ಗವಾದರೂ ಬೇಡ. ಪಿವಿಸಿ ಪೈಪಿನಲ್ಲಿ ಸ್ಥಿರಕಾರಿಯಾಗಿ ಸೀಸ ಸೇರಿಸುವುದನ್ನು ನಿಯಂತ್ರಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಹಳೆಯ ಕಟ್ಟಡ ಒಡೆದಾಗ ಸಿಕ್ಕ ಪೈಪನ್ನು ಸೊಪ್ಪು ಬೆಳೆಸಲು ಬಳಸಬಾರದೆನ್ನಲು ಅದೇ ಕಾರಣ. ಪೈಪಿನ ಒಂದು ತುದಿಯ ಮುಚ್ಚಳವನ್ನು ಸೊಲ್ಯೂಷನ್ ಹಚ್ಚಿ ಮುಚ್ಚಿ. ಇನ್ನೊಂದು ತುದಿಗೆ ರಬ್ಬರ್ ರಿಂಗಿನ, ತೆಗೆಯಲು ಬರುವ ಮುಚ್ಚಳ ಹಾಕಿ. ಮೂರು ತಿಂಗಳಿಗೆ ಬೇರು ಜಡೆಗಟ್ಟಿ ನಿಲ್ಲುತ್ತದೆ, ತೆಗೆದು ತೊಳೆಯದೆ ವಿಧಿಯಿಲ್ಲ. ಅಂಟಿಸಿದ ಮೇಲೆ ದ್ರಾವಕದ ವಾಸನೆ ಪೂರ್ತಿ ಹೋಗುವವರೆಗೆ ಕಾದು, ಎರಡು ಮೂರು ಸಲ ನೀರು ಹಾಯಿಸಿ ಚೆಲ್ಲಿ, ಆಮೇಲೆ ಗಿಡ ಇಡಿ. ತಿರುಪಿನ ಜೋಡಣೆಗೆ ಸೊಲ್ಯೂಷನ್ ಅಲ್ಲ, ಟೆಫ್ಲಾನ್ ಟೇಪು. ತಿರುಪು ಬಿಗಿಯುವ ದಿಕ್ಕಿನಲ್ಲೇ ಸುತ್ತಬೇಕು.

ತೂಕವನ್ನೂ ಲೆಕ್ಕ ಹಾಕಿ. 110 ಮಿಲಿಮೀಟರಿನ ಪೈಪು ಒಂದು ಮೀಟರಿಗೆ ಎಂಟು ಲೀಟರಿಗೂ ಮೇಲೆ ನೀರು ಹಿಡಿಯುತ್ತದೆ, ಅಂದರೆ ಎಂಟು ಕಿಲೋಗೂ ಮೇಲೆ. ಅರ್ಧ ತುಂಬಿದರೂ ನಾಲ್ಕು. ಅಂಥ ನಾಲ್ಕು ಪೈಪನ್ನು ಗ್ರಿಲ್ಲಿನ ಹೊರಮೈಗೆ ಕಟ್ಟಿದರೆ ಕೆಳಗೆ ನಡೆದು ಹೋಗುವವರ ತಲೆಯ ಮೇಲೆ ಏನಿದೆ ಎಂದು ನೀವೇ ಊಹಿಸಿ. ಗ್ರಿಲ್ಲಿನ ಒಳಗೆ, ನೆಲಕ್ಕೆ ಊರಿ ನಿಲ್ಲಿಸಿ. ಬಿಸಿಲಿಗೆ ಪಿವಿಸಿ ವರ್ಷಗಳಲ್ಲಿ ಬಿರುಸಾಗುತ್ತದೆ, ತಿಳಿ ಬಣ್ಣದ ನೀರಿನ ಪೇಂಟ್ ಬಳಿದರೆ ತಡೆಯುತ್ತದೆ.

ಮೊಮ್ಮಕ್ಕಳು ಪೈಪಿನಲ್ಲಿ ಗಾಳಿ ತುಂಬಿ ರಾಕೆಟ್ ಹಾರಿಸುವ ವಿಡಿಯೊ ತೋರಿಸಿ 'ಅಜ್ಜಿ, ನಾವೂ ಮಾಡೋಣ' ಎನ್ನುತ್ತಾರೆ. ಬೇಡ. ನೀರಿನ ಪೈಪು ಒಡೆದರೆ ಸೋರುತ್ತದೆ, ಅಷ್ಟೇ. ಒತ್ತಿದ ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ, ಆ ಚೂರು ಕಣ್ಣಿಗೆ ಬೀಳುತ್ತದೆ. ಎಷ್ಟು ಒಳ್ಳೆಯ ಸೊಲ್ಯೂಷನ್ ಹಚ್ಚಿದರೂ ಇದು ಬದಲಾಗುವುದಿಲ್ಲ. ಈ ಒಂದು ವಿಷಯದಲ್ಲಿ ಮಕ್ಕಳ ಮುದ್ದಿಗೆ ಕರಗಬೇಡಿ.

ಕೊನೆಯದಾಗಿ ವಾಸನೆ. ಸೊಲ್ಯೂಷನ್ ಡಬ್ಬಿ ತೆರೆದ ಕೂಡಲೇ ಮೂಗಿಗೆ ಹೊಡೆಯುವ ಆ ವಾಸನೆ ದ್ರಾವಕದ ಆವಿ. ತಲೆ ಸುತ್ತುತ್ತದೆ, ಕಣ್ಣು ಉರಿಯುತ್ತದೆ. ಅದಕ್ಕಿಂತ ಮುಖ್ಯ, ಅದು ಬೆಂಕಿ ಹಿಡಿಯುವ ವಸ್ತು. ಟೆಟ್ರಾಹೈಡ್ರೋಫ್ಯೂರಾನಿನ ಆವಿ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳಬಲ್ಲದು, ನಮ್ಮ ಸೆಖೆಯಲ್ಲಿ ಕೇಳುವುದೇ ಬೇಡ. ಅದು ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ಹೋಗುತ್ತದೆ. ನಮ್ಮ ಚಿಕ್ಕ ಮನೆಗಳಲ್ಲಿ ಹಾಲಿಗೂ ಅಡುಗೆ ಮನೆಗೂ ನಡುವೆ ಬಾಗಿಲೇ ಇಲ್ಲ. ಈ ಕಡೆ ನೀವು ಅಂಟಿಸುತ್ತ ಕೂತಿರುತ್ತೀರಿ, ಆ ಕಡೆ ಕುಕ್ಕರ್ ಒಲೆಯ ಮೇಲಿರುತ್ತದೆ, ದೇವರ ಮೂಲೆಯಲ್ಲಿ ನಂದಾದೀಪ, ಊದಿನಕಡ್ಡಿ. ಅಂಟಿಸುವ ದಿನ ಒಲೆ ಆರಿಸಿ, ದೀಪ ಶಾಂತ ಮಾಡಿ, ಎಸಿ ನಿಲ್ಲಿಸಿ, ಕಿಟಕಿ ಬಾಗಿಲು ತೆರೆದಿಟ್ಟು ಫ್ಯಾನ್ ಹಾಕಿ ಕೂರಿ. ಸಾಧ್ಯವಿದ್ದರೆ ಬಾಲ್ಕನಿ ಅಥವಾ ಸೊಸೈಟಿಯ ಟೆರೇಸಿನಲ್ಲಿ ಮಾಡಿ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮಾಡುವುದಂತೂ ಕೂಡದು. ಉಬ್ಬಸ ಇರುವವರು, ಬಸುರಿಯರು, ಚಿಕ್ಕ ಮಕ್ಕಳು ಅಲ್ಲಿ ಇರಬಾರದು. ಒರೆಸಿದ ಬಟ್ಟೆಯನ್ನು ಹೊರಗೆ ಆರಲು ಬಿಟ್ಟು ಆಮೇಲೆ ಕಸಕ್ಕೆ ಹಾಕಿ. ಡಬ್ಬಿಯನ್ನು ಸಿಂಕಿನ ಕೆಳಗೆ ಫಿನಾಯಿಲ್ ಜೊತೆ ಇಡುವ ಬದಲು ಮಕ್ಕಳ ಕೈಗೆಟುಕದ, ಒಲೆಯಿಂದ ದೂರದ ಕಪಾಟಿನಲ್ಲಿಡಿ.

"ಹಬ್ಬದ ಮನೆಯಲ್ಲಿ ದೀಪ ಆರಿಸುವುದೇ?" ಎಂದು ಹಿರಿಯರೊಬ್ಬರು ಮುಖ ಸಣ್ಣದು ಮಾಡಿದ್ದು ಇಲ್ಲಿಂದಲೇ ಕಾಣುತ್ತಿದೆ. ಅಮ್ಮಾ, ಹಬ್ಬಕ್ಕೆ ವಾರ ಮುಂಚೆಯೇ ಅಂಟಿಸಿ ಮುಗಿಸಿ ಎಂದು ಹೇಳುವುದು ಅದಕ್ಕೇ. ಘಟಸ್ಥಾಪನೆಯ ದಿನದ ಹೊತ್ತಿಗೆ ವಾಸನೆಯೂ ಇರುವುದಿಲ್ಲ, ಸಂದಿಯೂ ಗಟ್ಟಿಯಾಗಿರುತ್ತದೆ. ದೀಪವನ್ನು ಮಾತ್ರ ಪೈಪಿನ ಮೆಟ್ಟಿಲ ಮೇಲೆ ಇಡಬೇಡಿ, ಎದುರಿಗೆ ನೆಲದ ಮೇಲೆ ತಟ್ಟೆಯಲ್ಲಿಡಿ. ಬಿಸಿಗೆ ಪೈಪು ಬಾಗುತ್ತದೆ ಎಂದು ಆಗಲೇ ಹೇಳಿದೆನಲ್ಲ.

ನನ್ನ ಮಾತು ಇಷ್ಟೇ. ಕಿಟಕಿಯ ಹತ್ತಿರದ ಮೇಜಿನ ಮೇಲೆ ಕೊಯ್ದ ಪೈಪು, ಟೀ, ಎಲ್ಬೋ, ಮರಳು ಕಾಗದ ಇಟ್ಟಿದ್ದೇವೆ. ನಾಲ್ಕು ನಾಲ್ಕು ಜನರ ಗುಂಪಾಗಿ ಬನ್ನಿ. ಮೊದಲು ಒಣದಾಗಿ ಜೋಡಿಸಿ ನನಗೆ ತೋರಿಸಿ, ಆಮೇಲೆಯೇ ಡಬ್ಬಿ ತೆರೆಯೋಣ. ಚಹಾದ ಸ್ಟವ್ ಆರಿಸಲು ಹೇಳಿದ್ದೇನೆ, ಚಹಾ ಕಾರ್ಯಾಗಾರ ಮುಗಿದ ಮೇಲೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬನ್ನಿ.